ಕಪ್ಪು ಕಾರಿಗೆ ಒಂದು ರಾತ್ರಿಯ ಗಡುವು

ಯುಗಾದಿ ಮುಗಿದು ಲಗ್ನಸರಾಯಿ ಶುರುವಾಯಿತೆಂದರೆ ಯಾದಗಿರಿ, ಶಹಾಪುರ, ಸುರಪುರದ ಕಡೆ ಕಾರು ತೊಳೆದು ಪಾಲಿಶ್ ಮಾಡುವವರಿಗೆ ನಿದ್ದೆ ಕಡಿಮೆ. ಸಂಜೆ ಏಳಕ್ಕೆ ಕಪ್ಪು ಕಾರೊಂದು ಅಂಗಡಿ ಮುಂದೆ ಬಂದು ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಆರಕ್ಕೆ ಮದುಮಗ ಅದರಲ್ಲಿ ಕೂಡಬೇಕು. ‘ಅಣ್ಣಾರ, ಗಾಡಿ ಕನ್ನಡಿ ಆಗ್ಬೇಕ್ ನೋಡ್ರಿ’ ಎನ್ನುವುದು ಬೇಡಿಕೆ. ಆಗಲಿ ಅನ್ನುವುದು ಸುಲಭ. ಆದರೆ ಆ ಕಾರಿನ ಬಾನೆಟ್ ಮೇಲೆ ದೀಪ ಹಿಡಿದರೆ ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆ ಹೆಣೆದಂತೆ ಸಾವಿರಾರು ಸಣ್ಣ ಗೀರುಗಳು. ಬಾಗಿಲ ಮೇಲೆ ನೀರಿನ ಬಿಳಿ ಕಲೆಗಳು. ಡಿಕ್ಕಿಯ ಮೇಲೆ ಹಕ್ಕಿ ಹಿಕ್ಕೆ ಒಣಗಿ ಉಳಿದ ಗುರುತು. ಕೈಯಲ್ಲಿರುವುದು ಹನ್ನೊಂದು ಗಂಟೆ.

ಇದನ್ನು ಬರೀ ಉಜ್ಜುವ ಕೆಲಸವೆಂದು ತಿಳಿದವರೇ ಹೆಚ್ಚು. ಶಾಲೆಯಲ್ಲಿ ಕಲಿತ ಬೆಳಕಿನ ಪಾಠ, ಆಮ್ಲ-ಕ್ಷಾರದ ಪಾಠ, ಕ್ಷೇತ್ರಫಲದ ಲೆಕ್ಕ ಮೂರೂ ಆ ಒಂದು ರಾತ್ರಿಯಲ್ಲಿ ಬೇಕಾಗುತ್ತವೆ. ಅದಕ್ಕಿಂತ ಮುಖ್ಯವಾಗಿ ಬೇಕಾಗುವುದು ಎಲ್ಲಿ ಕೈ ನಿಲ್ಲಿಸಬೇಕೆಂಬ ತಿಳಿವಳಿಕೆ. ಕಾರಣ ಆ ಬಣ್ಣದ ದಪ್ಪದಲ್ಲಿದೆ.

ಪುರವಣಿಯ ಹಾಳೆಗಿಂತ ತೆಳು

ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯ ಹಾಳೆಯ ದಪ್ಪ ಹೆಚ್ಚು ಕಡಿಮೆ 65ರಿಂದ 70 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕಾರ್ಖಾನೆಯಿಂದ ಹೊರಬರುವ ಇಂದಿನ ಕಾರಿನ ಲೋಹದ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ‘ಕ್ಲಿಯರ್ ಕೋಟ್’ ಹೀಗೆ ನಾಲ್ಕು ಪದರಗಳಿರುತ್ತವೆ. ನಾಲ್ಕೂ ಕೂಡಿ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್. ಕಪ್ಪು ಬಣ್ಣದ ಪದರ ಅದರಲ್ಲಿ 15-20 ಮೈಕ್ರಾನ್ ಮಾತ್ರ. ಮೇಲಿನ ಕ್ಲಿಯರ್ ಕೋಟ್ 40-50 ಮೈಕ್ರಾನ್. ಹೊಳೆಯುವುದೂ ಅದೇ, ಗೀರು ಬೀಳುವುದೂ ಅದಕ್ಕೇ, ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಕೆಳಗಿನ ಬಣ್ಣ ಕಾಯುವುದೂ ಅದೇ.

ಮೊದಲು ಹೀಗಿರಲಿಲ್ಲ. ಹಳೆಯ ಅಂಬಾಸಿಡರ್ ಕಾರನ್ನು ಪಾಲಿಶ್ ಮಾಡಿದವರನ್ನು ಕೇಳಿ. ಉಜ್ಜಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು ಎನ್ನುತ್ತಾರೆ. ಅದರಲ್ಲಿ ಬಣ್ಣದ ಪದರವೇ ಮೇಲ್ಪದರ. ಬಣ್ಣ ಬಟ್ಟೆಗೆ ಬರುತ್ತಿದೆಯೆಂದರೆ ಪದರ ಸವೆಯುತ್ತಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಬಣ್ಣದ ಮೇಲೆ ಕ್ಲಿಯರ್ ಕೋಟ್ ಹಾಕುವ ಪದ್ಧತಿ 1980ರ ದಶಕದಲ್ಲಿ ಜಗತ್ತಿನ ಕಾರ್ಖಾನೆಗಳಲ್ಲಿ ವ್ಯಾಪಕವಾಯಿತು. ಈಗ ಸವೆಯುವುದು ಬಣ್ಣವಿಲ್ಲದ ಪದರ. ಬಟ್ಟೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕ್ಲಿಯರ್ ಕೋಟ್ ಮುಗಿದು ಅಂಚಿನಲ್ಲಿ ಮಂಕಾದ ಪಟ್ಟಿಯೊಂದು ಎದ್ದಿರುತ್ತದೆ. ಅದನ್ನು ಯಾವ ಪಾಲಿಶ್ ಕೂಡ ಸರಿ ಮಾಡದು, ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆಯಬೇಕು.

ಪಾಲಿಶ್ ಎಂದರೆ ಏನನ್ನೋ ಹಚ್ಚುವುದು ಎಂಬ ಭಾವನೆ ನಮ್ಮಲ್ಲಿದೆ. ಗೀರು ತೆಗೆಯುವ ಪಾಲಿಶ್ ಹಚ್ಚುವುದಲ್ಲ, ಹೆರೆಯುವುದು. ಹಳ್ಳ ಬಿದ್ದ ನೆಲವನ್ನು ಸಮ ಮಾಡಲು ಹಳ್ಳ ತುಂಬಬಹುದು, ಇಲ್ಲವೇ ಸುತ್ತಲಿನ ನೆಲವನ್ನೇ ಹಳ್ಳದ ಮಟ್ಟಕ್ಕೆ ಇಳಿಸಬಹುದು. ಇಲ್ಲಿ ಮಾಡುವುದು ಎರಡನೆಯದು. ಸುರಪುರದ ಹೆಸರು ಕೇಳಿದೊಡನೆ ನಾಯಕ ಅರಸರ ಕಾಲದ ಸುರಪುರ ಶೈಲಿಯ ಚಿತ್ರಕಲೆ ನೆನಪಾಗುತ್ತದೆ. ನಮ್ಮ ದೇಶದ ಕಿರುಚಿತ್ರ ಪರಂಪರೆಯಲ್ಲಿ ಹಚ್ಚಿದ ಚಿನ್ನವನ್ನು ನುಣುಪಾದ ಅಗೇಟ್ ಕಲ್ಲಿನಿಂದ ತಿಕ್ಕಿ ಮೆರುಗು ಬರಿಸುವ ಕ್ರಮವಿದೆ. ಅಲ್ಲಿ ತಿಕ್ಕಿದರೆ ಚಿನ್ನ ಒತ್ತಿ ಕೂಡುತ್ತದೆ, ಹೋಗುವುದಿಲ್ಲ. ಕಾರಿನ ಮೇಲೆ ತಿಕ್ಕಿದ್ದು ಹೋಗುತ್ತದೆ. ತಿಕ್ಕುವ ಕೈ ಒಂದೇ, ಪರಿಣಾಮ ತದ್ವಿರುದ್ಧ.

ಕಪ್ಪಿನ ಮೇಲೇ ಏಕೆ?

ಬಿಳಿ ಕಾರಿಗೂ ಇಷ್ಟೇ ಗೀರು ಬಿದ್ದಿರುತ್ತವೆ, ಕಾಣುವುದಿಲ್ಲ ಅಷ್ಟೇ. ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ತಾವೇ ಬಿಡಿಸಬಹುದು. ನುಣುಪಾದ ಕ್ಲಿಯರ್ ಕೋಟ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.5. ನೇರವಾಗಿ ಬಿದ್ದ ಬೆಳಕಿನಲ್ಲಿ ಅದು ಪ್ರತಿಫಲಿಸುವುದು ಶೇಕಡಾ 4ರಷ್ಟು ಮಾತ್ರ. ಉಳಿದದ್ದು ಒಳಗೆ ಹೋಗುತ್ತದೆ. ಕೆಳಗೆ ಬಿಳಿ ಬಣ್ಣವಿದ್ದರೆ ಒಳಹೋದ ಬೆಳಕಿನ ಬಹುಭಾಗ ಎಲ್ಲ ದಿಕ್ಕಿಗೂ ಚದುರಿ ಹೊರಬರುತ್ತದೆ. ಆ ಬೆಳಕಿನ ಜಾತ್ರೆಯಲ್ಲಿ ಗೀರಿನಿಂದ ಚದುರಿದ ಚೂರು ಬೆಳಕು ಲೆಕ್ಕಕ್ಕಿಲ್ಲ. ಕೆಳಗೆ ಕಪ್ಪಿದ್ದರೆ ಒಳಹೋದದ್ದು ಬಹುತೇಕ ಅಲ್ಲೇ ಇಂಗಿಹೋಗುತ್ತದೆ. ಕತ್ತಲಲ್ಲಿ ಹಚ್ಚಿದ ಹಣತೆಯಂತೆ ಒಂದೊಂದು ಗೀರೂ ಎದ್ದು ಕಾಣುತ್ತದೆ. ಕಡುನೀಲಿ, ಕಡುಕೆಂಪು ಕಾರುಗಳ ಪಾಡೂ ಸುಮಾರಾಗಿ ಇದೇ.

ಗೀರುಗಳು ವೃತ್ತಾಕಾರದಲ್ಲಿ ಕಾಣುವುದಕ್ಕೂ ಒಂದು ಸ್ವಾರಸ್ಯವಿದೆ. ಬಟ್ಟೆಯನ್ನು ಸುತ್ತ ಸುತ್ತ ತಿರುಗಿಸಿ ಒರೆಸಿದ್ದರಿಂದಲೇ ಹಾಗಾಯಿತು ಎಂದು ಬಹಳ ಜನ ಹೇಳುತ್ತಾರೆ. ನಿಜವಾಗಿ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಅವುಗಳಲ್ಲಿ ದೀಪದ ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುವ ಕೋನದಲ್ಲಿ ಇರುವವು ಮಾತ್ರ ಮಿಂಚುತ್ತವೆ. ಅವು ಸೇರಿ ದೀಪದ ಸುತ್ತ ಬಳೆಗಳಂತೆ ತೋರುತ್ತವೆ. ನೀವು ಸರಿದಂತೆ ಬಳೆಯೂ ಸರಿಯುತ್ತದೆ. ಮನೆಯ ಹಳೆಯ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದು ಓರೆ ಮಾಡಿ ನೋಡಿದರೆ ಇದು ತಿಳಿಯುತ್ತದೆ. ಇನ್ನೊಂದು ಸಂಗತಿಯೂ ಇಲ್ಲೇ ಗೊತ್ತಾಗುತ್ತದೆ: ಬಿಸಿಲಲ್ಲಿ ಕಾಣುವ ಗೀರು ಟ್ಯೂಬ್‌ಲೈಟಿನ ಕೆಳಗೆ ಮಾಯ. ಉದ್ದನೆಯ ದೀಪದ ಬೆಳಕು ಹಲವು ಕಡೆಯಿಂದ ಬಂದು ಗೀರನ್ನು ಮುಚ್ಚುತ್ತದೆ, ಒಂದೇ ಬಿಂದುವಿನಿಂದ ಬರುವ ಬೆಳಕು ತೋರಿಸುತ್ತದೆ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಕನ್ನಡಿಯಂತೆ ಕಂಡ ಕಾರು ಬೆಳಗಿನ ಬಿಸಿಲಿಗೆ ಬಂದಾಗ, ಇಲ್ಲವೇ ವಿಡಿಯೊದವರ ಪ್ರಖರ ದೀಪದ ಮುಂದೆ ನಿಂತಾಗ, ಬಣ್ಣ ಬಯಲಾಗುವುದು ಹೀಗೆ.

ಕಪ್ಪು ಬಣ್ಣಕ್ಕೂ ಅವಸರಕ್ಕೂ ಹಳೆಯ ನಂಟಿದೆ ಎಂಬುದು ತಮಾಷೆಯ ಮಾತಲ್ಲ. ಅಮೆರಿಕದ ಫೋರ್ಡ್ ಕಂಪನಿ 1914ರಿಂದ ಹತ್ತಕ್ಕೂ ಹೆಚ್ಚು ವರ್ಷ ತನ್ನ ‘ಮಾಡೆಲ್ ಟಿ’ ಕಾರನ್ನು ಕಪ್ಪು ಬಣ್ಣದಲ್ಲಿ ಮಾತ್ರ ಮಾರಿತು. ಆಗಿನ ಕಾರುಗಳಿಗೆ ಬಣ್ಣ ಹೊಡೆದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಡ್ಯೂಪಾಂಟ್ ಕಂಪನಿಯ ‘ಡ್ಯೂಕೊ’ ಎಂಬ ಬೇಗ ಒಣಗುವ ಲ್ಯಾಕರ್ ಜನರಲ್ ಮೋಟರ್ಸ್‌ನ ಓಕ್‌ಲ್ಯಾಂಡ್ ಕಾರುಗಳ ಮೇಲೆ ಬಂತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಬಡಗಿಗಳು ಇಂದಿಗೂ ಕಪಾಟು, ಮಂಚಗಳಿಗೆ ‘ಡ್ಯೂಕೊ ಪೇಂಟ್’ ಎನ್ನುತ್ತಾರಲ್ಲ, ಅದು ಇದೇ ಹೆಸರು.

ಧೂಳಿನಲ್ಲಿ ಬರೆದ ಹೆಸರು

ಈ ಗೀರುಗಳನ್ನು ಬರೆದವರು ಯಾರು? ಬಹುಪಾಲು ನಾವೇ.

ಶಹಾಪುರ, ಸುರಪುರದ ಗುಡ್ಡಗಳು ಗ್ರಾನೈಟ್ ಜಾತಿಯ ಕಲ್ಲಿನವು. ಗ್ರಾನೈಟ್‌ನಲ್ಲಿ ಕ್ವಾರ್ಟ್ಸ್ ಇದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಸ್‌ಗೆ 7, ಫೆಲ್ಡ್‌ಸ್ಪಾರ್‌ಗೆ 6. ಚಾಕುವಿನ ಉಕ್ಕನ್ನೇ ಗೀಚಬಲ್ಲ ಕ್ವಾರ್ಟ್ಸ್‌ನ ಮುಂದೆ ಕಾರಿನ ಮೇಲ್ಪದರ ಬೆಣ್ಣೆ ಇದ್ದಂತೆ. ಭೀಮಾ ಕಣಿವೆಯ ಸುಣ್ಣದಕಲ್ಲಿನ ಪುಡಿ ಅಷ್ಟು ಗಡುಸಲ್ಲ. ಅದರ ಕ್ಯಾಲ್ಸೈಟ್‌ಗೆ 3 ಮಾತ್ರ. ಆದರೆ ರಸ್ತೆಯ ಧೂಳಿನಲ್ಲಿ ಎಲ್ಲವೂ ಬೆರೆತಿರುತ್ತವೆ. ಜೇವರ್ಗಿಯಿಂದ ಶಹಾಪುರ, ಸುರಪುರ ದಾಟಿ ತಿಂಥಣಿ ಸೇತುವೆಯತ್ತ ಹೋಗುವ ದಾರಿಯಲ್ಲಿ ಬೇಸಿಗೆಯಲ್ಲೊಮ್ಮೆ ಬಂದ ಕಾರಿನ ಮೇಲೆ ಬೆರಳಾಡಿಸಿದರೆ ಸಾಕು.

ಬೆರಳಾಡಿಸಬಾರದು ಎಂಬುದೇ ಮಾತು. ಧೂಳು ಹಿಡಿದ ಕಾರಿನ ಗಾಜಿನ ಮೇಲೆ, ಡಿಕ್ಕಿಯ ಮೇಲೆ ಗೆಳೆಯರ ಹೆಸರು ಬರೆಯದ ಹುಡುಗರು ಕಡಿಮೆ. ತೊಳೆದ ಮೇಲೆ ಹೆಸರು ಹೋಗುತ್ತದೆ ಎಂಬ ನಂಬಿಕೆ. ಕಪ್ಪು ಕಾರಿನಲ್ಲಿ ಹೋಗುವುದಿಲ್ಲ. ಬೆರಳಿನ ಕೆಳಗೆ ಉರುಳಿದ ಕ್ವಾರ್ಟ್ಸ್ ಕಣಗಳು ಅದೇ ಹೆಸರನ್ನು ಕ್ಲಿಯರ್ ಕೋಟ್ ಮೇಲೆ ಬರೆದಿರುತ್ತವೆ. ದೊಡ್ಡವರದ್ದು ಇನ್ನೂ ದೊಡ್ಡ ತಪ್ಪು. ದಿನಾ ಮುಂಜಾನೆ ಒಣಬಟ್ಟೆಯಿಂದ ಕಾರನ್ನು ಝಾಡಿಸಿ ಒರೆಸುವುದು ಅನೇಕರಿಗೆ ಪೂಜೆಯಷ್ಟೇ ನಿಷ್ಠೆಯ ಕೆಲಸ. ಕಾರಿನ ಮೇಲಿನ ಪ್ರೀತಿಯಿಂದಲೇ ಅದನ್ನು ಮರಳು ಕಾಗದದಿಂದ ಉಜ್ಜಿದಂತೆ ಆಗುತ್ತಿರುತ್ತದೆ. ವರ್ಷವಿಡೀ ಹಾಗೆ ಒರೆಸಿದ ಕಾರಿಗಿಂತ ವಾರಕ್ಕೊಮ್ಮೆ ತೊಳೆದು, ನಡುವೆ ಧೂಳು ಹಿಡಿದಂತೆಯೇ ಓಡಾಡಿದ ಕಾರಿನ ಮೈ ಚೆನ್ನಾಗಿರುತ್ತದೆ.

ನೀರಿನ ಕಲೆಯ ಕಥೆ ಬೇರೆ. ಇಲ್ಲಿಯ ಬೋರ್‌ವೆಲ್ ನೀರು ಅನೇಕ ಕಡೆ ಗಡುಸು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಊರು ಇವು. ಬಿಸಿಲಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅದರ ಮೇಲೆ ಬಿದ್ದ ನೀರಿನ ಹನಿ ಕ್ಷಣದಲ್ಲಿ ಆರಿ ಲವಣದ ಉಂಗುರ ಬಿಟ್ಟು ಹೋಗುತ್ತದೆ. ಹೊಸ ಕಲೆಯಾದರೆ ನೀರು ಬೆರೆಸಿ ತೆಳ್ಳಗೆ ಮಾಡಿದ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ತುಸು ಹೊತ್ತು ಹೊದಿಸಿ, ಆಮೇಲೆ ಚೆನ್ನಾಗಿ ತೊಳೆದರೆ ಹೋಗುತ್ತದೆ. ವಿನೆಗರ್‌ನ ಅಸಿಟಿಕ್ ಆಮ್ಲ ಕ್ಯಾಲ್ಸಿಯಂ ಕಾರ್ಬೊನೇಟ್ ಜೊತೆ ವರ್ತಿಸಿ ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಅಸಿಟೇಟ್ ಆಗುತ್ತದೆ. ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಹಚ್ಚುವ ಅಜ್ಜಿಯೂ ಆಮ್ಲದ ಕೆಲಸವನ್ನೇ ಬಳಸಿಕೊಳ್ಳುತ್ತಾರೆ. ಆದರೆ ಅವರು ಆಮೇಲೆ ಬೂದಿ ಹಾಕಿ ತಿಕ್ಕುತ್ತಾರಲ್ಲ, ಅದನ್ನು ಕಾರಿಗೆ ಮಾಡಬಾರದು. ತಿಂಗಳುಗಟ್ಟಲೆ ಬಿಸಿಲಲ್ಲಿ ಬೆಂದ ಕಲೆ, ಹಕ್ಕಿ ಹಿಕ್ಕೆಯ ಕಲೆ ಮೇಲ್ಪದರವನ್ನು ಕೊರೆದು ತಗ್ಗು ಮಾಡಿರುತ್ತವೆ. ಅವಕ್ಕೆ ಆಮ್ಲ ಸಾಲದು.

ಹನ್ನೊಂದು ಗಂಟೆಯ ಲೆಕ್ಕ

ಈಗ ಅಂಗಡಿ ಮುಂದೆ ನಿಂತ ಕಾರಿನ ಲೆಕ್ಕ ಹಾಕೋಣ. ಸಂಜೆ ಏಳರಿಂದ ಬೆಳಿಗ್ಗೆ ಆರು, ಹನ್ನೊಂದು ಗಂಟೆ. ಹೂವು ಕಟ್ಟುವವರಿಗೆ ಕೊನೆಯ ಒಂದು ಗಂಟೆ ಬಿಡಬೇಕು, ಉಳಿದದ್ದು ಹತ್ತು. ತೊಳೆಯುವುದು, ಚಕ್ರ ಸ್ವಚ್ಛ ಮಾಡುವುದು, ಒಣಗಿಸುವುದಕ್ಕೆ ಎರಡು ಗಂಟೆ. ರಬ್ಬರ್, ಪ್ಲಾಸ್ಟಿಕ್ ಅಂಚುಗಳಿಗೆ ಟೇಪ್ ಹಚ್ಚಿ, ಒಂದು ಕಡೆ ಪರೀಕ್ಷೆ ಮಾಡಿ ನೋಡಲು ಮುಕ್ಕಾಲು ಗಂಟೆ. ಕೊನೆಯಲ್ಲಿ ವ್ಯಾಕ್ಸ್, ಗಾಜು, ಒಳಗಿನ ಸೀಟು, ಮ್ಯಾಟ್ ಎಲ್ಲಕ್ಕೂ ಒಂದೂಮುಕ್ಕಾಲು ಗಂಟೆ. ಊಟ, ಚಹಾ, ಕರೆಂಟ್ ಹೋಗಿ ಬರುವುದಕ್ಕೆ ಅರ್ಧ ಗಂಟೆ. ಪಾಲಿಶ್ ಯಂತ್ರ ಹಿಡಿಯಲು ಉಳಿದದ್ದು ಐದು ಗಂಟೆ.

ಮಧ್ಯಮ ಗಾತ್ರದ ಕಾರಿನ ಬಣ್ಣದ ಹೊರಮೈ 9 ಚದರ ಮೀಟರ್ ಎಂದು ಇಟ್ಟುಕೊಳ್ಳಿ. ಯಂತ್ರದಿಂದ ಪಾಲಿಶ್ ಮಾಡುವವರು ಒಮ್ಮೆಗೆ 45 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಒಂದು ಚೌಕ ಹಿಡಿಯುತ್ತಾರೆ, ಅಂದರೆ ಸುಮಾರು 0.2 ಚದರ ಮೀಟರ್. ಕಾರಿಗೆ 45 ಚೌಕಗಳಾದವು. ಪ್ರತಿ ಚೌಕದ ಮೇಲೆ ಯಂತ್ರವನ್ನು ಅಡ್ಡಕ್ಕೆ, ಉದ್ದಕ್ಕೆ ನಿಧಾನವಾಗಿ ಓಡಿಸಿ, ಒರೆಸಿ, ದೀಪ ಹಿಡಿದು ನೋಡಲು ಆರರಿಂದ ಏಳು ನಿಮಿಷ. ಆರೂವರೆ ಎಂದರೂ 45 ಚೌಕಕ್ಕೆ 292 ನಿಮಿಷ. ಐದು ಗಂಟೆಗೆ ಎಂಟು ನಿಮಿಷ ಕಡಿಮೆ!

ಅಂದರೆ ಒಬ್ಬ ಕೆಲಸಗಾರನಿಗೆ ಇಡೀ ಕಾರಿನ ಮೇಲೆ ಒಂದು ಸುತ್ತು ಮಾತ್ರ ಸಾಧ್ಯ. ಗೀರುಗಳನ್ನು ನಿಜವಾಗಿ ತೆಗೆಯಬೇಕಾದರೆ ಮೊದಲು ಒರಟು ಕಾಂಪೌಂಡ್, ಆಮೇಲೆ ನಯವಾದ ಪಾಲಿಶ್ ಎಂದು ಎರಡು ಸುತ್ತು ಬೇಕಾಗುವುದುಂಟು. ಎರಡು ಸುತ್ತಿಗೆ ಹತ್ತು ಗಂಟೆ. ಅವಸರದಲ್ಲಿ ಕೈ ತಪ್ಪುವುದು ಈ ಹಂತದಲ್ಲೇ. ಒರಟು ಕಾಂಪೌಂಡಿನ ಸುತ್ತು ಮುಗಿಸಿ ನಯದ ಸುತ್ತಿಗೆ ಹೊತ್ತು ಸಾಲದೆ ಬಿಟ್ಟರೆ ಹಳೆಯ ಗೀರು ಹೋಗಿ ಮಬ್ಬು ಕವಿದ ಹೊಸ ಗೀರುಗಳ ಕಾರು ಉಳಿಯುತ್ತದೆ. ವೇಗವಾಗಿ ಮುಗಿಸಲೆಂದು ಸುಮ್ಮನೆ ಸುತ್ತುವ ರೋಟರಿ ಯಂತ್ರ ಒತ್ತಿ ಹಿಡಿದರೆ ಬಿಸಿಲಲ್ಲಿ ಅಲೆಅಲೆಯಾಗಿ ಹೊಳೆಯುವ ಗುರುತುಗಳೇಳುತ್ತವೆ. ಅವುಗಳಿಗೆ ‘ಹಾಲೊಗ್ರಾಮ್’ ಎನ್ನುತ್ತಾರೆ. ಹಾಗಾಗಿ ಒಂದು ರಾತ್ರಿಯ ಕೆಲಸಕ್ಕೆ ಸುತ್ತುತ್ತಲೇ ಅಲುಗಾಡುವ ‘ಡ್ಯುಯಲ್ ಆಕ್ಷನ್’ ಯಂತ್ರ, ನಯವಾದ ಸ್ಪಂಜಿನ ಪ್ಯಾಡ್, ಒಂದೇ ಸುತ್ತಿಗೆ ಸಾಕಾಗುವ ಮಧ್ಯಮ ಪಾಲಿಶ್ ಇವಿಷ್ಟೇ ಸರಿ. ಇದರಿಂದ ಜೇಡರ ಬಲೆಯ ಬಹುಭಾಗ ಹೋಗುತ್ತದೆ. ಉಗುರಿಗೆ ತಗಲುವ ಆಳದ ಗೀರು ಉಳಿಯುತ್ತದೆ. ಉಳಿಯಲಿ.

ಎಲ್ಲ ಚೌಕವೂ ಒಂದೇ ಅಲ್ಲ ಎಂಬುದನ್ನೂ ಅನುಭವ ಕಲಿಸುತ್ತದೆ. ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲರ್ಧ ಕಣ್ಣಿಗೆ ಬೀಳುವ ಜಾಗಗಳು. ಎರಡು ಸಲ ಓಡಿಸುವ ಸಮಯ ಸಿಕ್ಕರೆ ಅಲ್ಲಿ ಓಡಿಸಬೇಕು. ಎತ್ತರದ ಕಾರಿನ ತಾರಸಿ ಯಾರಿಗೂ ಕಾಣದು, ಬಾಗಿಲಿನ ಕೆಳಗಿನ ಗೇಣುದ್ದದ ಭಾಗ ಮದುವೆ ಮಂಟಪ ತಲುಪುವ ಮುನ್ನವೇ ಧೂಳು ತಿಂದಿರುತ್ತದೆ. ಅಲ್ಲಿ ಉಳಿಸಿದ ನಿಮಿಷಗಳನ್ನು ಬಾನೆಟ್‌ಗೆ ಹಾಕಬಹುದು.

ಗಡಿಯಾರ ನೋಡಿ ತೊಳೆಯುವ ಸಮಯವನ್ನು ಮೊಟಕು ಮಾಡುವವರಿದ್ದಾರೆ. ಎಲ್ಲಿ ಬೇಕಾದರೂ ಸಮಯ ಕದಿಯಬಹುದು, ತೊಳೆಯುವುದರಲ್ಲಿ ಮಾತ್ರ ಕದಿಯಬಾರದು. ಕಣವೊಂದು ಪ್ಯಾಡಿನ ಕೆಳಗೆ ಸಿಕ್ಕರೆ ನಿಮಿಷಕ್ಕೆ ಸಾವಿರಾರು ಸಲ ಗೀಚುತ್ತದೆ. ಮೊದಲು ಒತ್ತಡದ ನೀರಿನಿಂದ ಸಡಿಲ ಧೂಳು ಹೋಗಬೇಕು, ಆಮೇಲೆ ಕೈ ತಾಗಬೇಕು. ಎರಡು ಬಕೆಟ್ ಇರಬೇಕು: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಒಂದೇ ಬಕೆಟ್‌ನಲ್ಲಿ ಅದ್ದಿ ಅದ್ದಿ ಒರೆಸಿದರೆ ಬಾಗಿಲಿನ ಮರಳನ್ನು ಬಾನೆಟ್‌ಗೆ ತಂದು ಹಚ್ಚಿದಂತೆ. ತಾರಸಿಯಿಂದ ಶುರು ಮಾಡಿ ಕೆಳಗೆ ಬರಬೇಕು. ಚಕ್ರದ ಬಟ್ಟೆ ಮೈಗೆ ತಾಗಬಾರದು. ನೆಲಕ್ಕೆ ಬಿದ್ದ ಬಟ್ಟೆಯನ್ನು ಜಾಡಿಸಿ ಮತ್ತೆ ಬಳಸುವವನಿಗೆ ಕಪ್ಪು ಕಾರು ಕೊಡಬಾರದು ಎಂದರೆ ಹೆಚ್ಚಾಗದು. ರೈಲು ಹಳಿಯ ಪಕ್ಕ ನಿಲ್ಲಿಸುವ ಕಾರುಗಳ ಮೇಲೆ ಬ್ರೇಕಿನಿಂದ ಹಾರಿದ ಕಬ್ಬಿಣದ ಸಣ್ಣ ಕಣಗಳು ಕಚ್ಚಿ ಕೂತಿರುತ್ತವೆ. ಅಂಗೈ ಆಡಿಸಿದರೆ ಒರಟು ತಿಳಿಯುತ್ತದೆ. ಜಾರುವ ದ್ರವ ಸಿಂಪಡಿಸಿ ‘ಕ್ಲೇ’ ಎಂಬ ಜೇಡಿಯಂಥ ಉಂಡೆಯನ್ನು ಮೆಲ್ಲಗೆ ಸರಿಸಿದರೆ ಅದಕ್ಕೆ ಹತ್ತಿಕೊಂಡು ಬರುತ್ತವೆ.

ಬೇಸಿಗೆಯ ರಾತ್ರಿ ಒಂದು ಅನುಕೂಲ ಕೊಡುತ್ತದೆ. ಕಾದ ಲೋಹದ ಮೇಲೆ ಪಾಲಿಶ್ ಬೇಗ ಒಣಗಿ ಪುಡಿಯಾಗುತ್ತದೆ, ರಾತ್ರಿ ಹಾಗಾಗುವುದಿಲ್ಲ. ಆದರೆ ದೀಪಕ್ಕೆ ಬರುವ ಹುಳುಗಳು ಬಾನೆಟ್ ಮೇಲೂ ಬೀಳುತ್ತವೆ, ಗಾಳಿ ಬಿಟ್ಟರೆ ಧೂಳೂ ಬರುತ್ತದೆ. ಧೂಳಡಗಿಸಲು ನೆಲಕ್ಕೆ ನೀರು ಹೊಡೆಯುವ ರೂಢಿಯಿದೆ. ಒದ್ದೆ ನೆಲ, ಕೈಯಲ್ಲಿ ಕರೆಂಟಿನ ಯಂತ್ರ: ಜೀವಕ್ಕೇ ಅಪಾಯ ತರುವ ಜೋಡಿ ಇದು. ಸರಿಯಾದ ಅರ್ಥಿಂಗ್ ಇಲ್ಲದ, ಸೋರಿಕೆಯಾದ ಕರೆಂಟನ್ನು 30 ಮಿಲಿ ಆಂಪಿಯರ್‌ಗೇ ಕಡಿದುಹಾಕುವ ಸ್ವಿಚ್ ಇಲ್ಲದ ಅಂಗಡಿಯಲ್ಲಿ ಮಗ ರಾತ್ರಿ ಕೆಲಸ ಕಲಿಯುತ್ತಿದ್ದರೆ ತಂದೆತಾಯಿ ಮೊದಲು ವಿಚಾರಿಸಬೇಕಾದ್ದು ಪಗಾರವನ್ನಲ್ಲ, ಇದನ್ನು.

ಮುಚ್ಚುವುದು, ತೆಗೆಯುವುದು

ಪರೀಕ್ಷೆಯ ಚೌಕದ ಬಗ್ಗೆ ಒಂದು ಮಾತು ಉಳಿದಿದೆ. ಪಾಲಿಶ್‌ಗಳಲ್ಲಿ ಎಣ್ಣೆಯಂಶ ಇರುತ್ತದೆ. ಅದು ಗೀರಿನಲ್ಲಿ ತುಂಬಿಕೊಂಡು ಗೀರು ಹೋಯಿತು ಎಂಬ ಭ್ರಮೆ ಹುಟ್ಟಿಸುತ್ತದೆ. ಆದ್ದರಿಂದ ಚೌಕವನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಎಣ್ಣೆ ತೆಗೆದು, ಒಂಟಿ ಎಲ್‌ಇಡಿ ದೀಪವನ್ನು ಓರೆಯಾಗಿ ಹಿಡಿದು ನೋಡಬೇಕು. ಆಗ ಕಾಣುವುದೇ ನಿಜ. ಬಹಳ ಸೌಮ್ಯವಾದ ಪಾಲಿಶ್‌ನಿಂದ ಶುರು ಮಾಡಿ, ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಿನ ಕಡೆ ಹೋಗುವುದು ಕ್ರಮ.

ಈ ಭ್ರಮೆಯನ್ನೇ ಸರಕಾಗಿ ಮಾರುವುದೂ ಉಂಟು. ‘ಗ್ಲೇಜ್’ ಎಂಬ ದ್ರವ ಗೀರುಗಳನ್ನು ತುಂಬಿ ಮುಚ್ಚುತ್ತದೆ. ಕ್ಲಿಯರ್ ಕೋಟ್‌ನ ಒಂದು ಮೈಕ್ರಾನ್ ಕೂಡ ಸವೆಯುವುದಿಲ್ಲ, ಕಾರು ಅರ್ಧ ಗಂಟೆಯಲ್ಲಿ ಮಿರುಗುತ್ತದೆ, ಕೆಲವು ಸಲ ತೊಳೆದ ಮೇಲೆ ಗೀರು ವಾಪಸು ಬರುತ್ತವೆ. ಇದರಲ್ಲಿ ಮೋಸವಿದೆಯೇ? ಒಂದು ದಿನದ ಮದುವೆಗೆ, ಸಮಯವೇ ಇಲ್ಲದಾಗ, ಇದಕ್ಕಿಂತ ಬುದ್ಧಿವಂತಿಕೆಯ ಕೆಲಸವಿಲ್ಲ. ಮುಚ್ಚಿದ್ದೇನೆ ಎಂದು ಹೇಳಿ ಅದರ ದುಡ್ಡು ತೆಗೆದುಕೊಂಡರೆ ಅದು ಸೇವೆ; ತೆಗೆದಿದ್ದೇನೆ ಎಂದು ಹೇಳಿ ಎರಡು ಸುತ್ತಿನ ದುಡ್ಡು ತೆಗೆದುಕೊಂಡರೆ ಮೋಸ. ಸಣ್ಣ ಊರಿನಲ್ಲಿ ಅದೇ ಗಿರಾಕಿ ಮುಂದಿನ ತಿಂಗಳು ಎದುರಾಗುತ್ತಾನೆ. ಮೂರನೆಯ ಸಲ ತೊಳೆದಾಗ ಗೀರು ಕಂಡವನು ಅಂಗಡಿಗೆ ಬರುವುದಿಲ್ಲ, ಆದರೆ ಚಹಾದಂಗಡಿಯಲ್ಲಿ ಮಾತಾಡುತ್ತಾನೆ.

ವಾಟರ್ ಪೇಪರ್ ಬಗ್ಗೆ ಕೇಳುವವರಿರುತ್ತಾರೆ. 2000 ನಂಬರಿನ ವಾಟರ್ ಪೇಪರ್‌ನ ಕಣ ಸುಮಾರು 10 ಮೈಕ್ರಾನ್ ಗಾತ್ರದ್ದು. ಆಳದ ಗೀರನ್ನು ಅದರಿಂದ ಉಜ್ಜಿ ತೆಗೆಯಬಹುದು, ಪಳಗಿದವರು ತೆಗೆಯುತ್ತಾರೆ. ಆದರೆ ಒಟ್ಟು 40 ಮೈಕ್ರಾನ್ ಇರುವಲ್ಲಿ, ಹಿಂದೆ ಯಾರು ಎಷ್ಟು ಸಲ ಪಾಲಿಶ್ ಮಾಡಿದ್ದಾರೋ ತಿಳಿಯದ ಕಾರಿನ ಮೇಲೆ, ನಡುರಾತ್ರಿ ಎರಡಕ್ಕೆ ಅದನ್ನು ಕೈಗೆತ್ತಿಕೊಳ್ಳುವುದು ಧೈರ್ಯವಲ್ಲ. ಬಣ್ಣದ ದಪ್ಪ ಅಳೆಯುವ ಅಂಗೈ ಗಾತ್ರದ ಉಪಕರಣಗಳಿವೆ. ಉಕ್ಕಿನ ಮೇಲೆ ಕಾಂತೀಯ ಪ್ರೇರಣೆಯಿಂದ ಅಳೆಯುತ್ತವೆ. ಅವು ಹೇಳುವುದು ನಾಲ್ಕು ಪದರಗಳ ಒಟ್ಟು ದಪ್ಪ, ಮೇಲಿನ ಒಂದರದ್ದಲ್ಲ. ಪ್ಲಾಸ್ಟಿಕ್ ಬಂಪರ್ ಮೇಲೆ ಅವು ಕೆಲಸವನ್ನೇ ಮಾಡುವುದಿಲ್ಲ. ಬೇರೆ ಕಡೆ 110 ತೋರಿಸಿ ಒಂದು ಬಾಗಿಲಲ್ಲಿ 250 ತೋರಿಸಿದರೆ ಆ ಬಾಗಿಲಿಗೆ ಹಿಂದೆ ಎಂದೋ ಬಣ್ಣ ಹೊಡೆದಿದ್ದಾರೆ ಎಂದರ್ಥ. ಹಳೆಯ ಕಾರು ಕೊಳ್ಳುವವರಿಗೂ ಇದು ತಿಳಿದಿದ್ದರೆ ಒಳ್ಳೆಯದು.

ಇಷ್ಟೆಲ್ಲ ಆಗಿ ಬೆಳಗಿನ ಐದಕ್ಕೆ ಹೂವು ಕಟ್ಟುವವರು ಬರುತ್ತಾರೆ. ಗುಲಾಬಿಗೆ ಬಿಗಿದ ಸಣ್ಣ ತಂತಿ, ಪ್ಲಾಸ್ಟಿಕ್ ರಿಬ್ಬನ್, ಬಾನೆಟ್ ಮೇಲೆಯೇ ಅಂಟಿಸುವ ಟೇಪ್! ಗಾಳಿಗೆ ಬಡಿದಾಡುವ ರಿಬ್ಬನ್ ಮೂವತ್ತು ಕಿಲೋಮೀಟರ್ ದೂರದ ಮಂಟಪ ಮುಟ್ಟುವಷ್ಟರಲ್ಲಿ ರಾತ್ರಿಯ ಕೆಲಸದ ಮೇಲೆ ತನ್ನ ಸಹಿ ಹಾಕಿರುತ್ತದೆ. ತಿಳಿದ ಕೆಲಸಗಾರರು ತಂತಿಯ ತುದಿ ಒಳಗೆ ಮಡಚಿಸುತ್ತಾರೆ, ಹೂವಿನ ಕಟ್ಟನ್ನು ಬಾನೆಟ್ ಸಂದಿಗೆ, ಬಾಗಿಲ ಹಿಡಿಗೆ ದಾರದಿಂದ ಕಟ್ಟಿಸುತ್ತಾರೆ, ಟೇಪನ್ನು ಗಾಜಿನ ಮೇಲಷ್ಟೇ ಹಚ್ಚಲು ಬಿಡುತ್ತಾರೆ.

ಕಲಿಯುವವರಿಗೆ

ಕಾರುಗಳು ಹೆಚ್ಚಿದಂತೆ ಈ ಕೆಲಸಕ್ಕೂ ಬೇಡಿಕೆ ಹೆಚ್ಚಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐ.ಟಿ.ಐ. ಪಠ್ಯಕ್ರಮದಲ್ಲಿ ‘ಮೆಕ್ಯಾನಿಕ್ ಆಟೊ ಬಾಡಿ ಪೇಂಟಿಂಗ್’ ಎಂಬ ಒಂದು ವರ್ಷದ ವಿಭಾಗವಿದೆ. ಎಲ್ಲ ಐ.ಟಿ.ಐ.ಗಳಲ್ಲಿ ಅದು ಇರುವುದಿಲ್ಲ, ಅರ್ಜಿ ಹಾಕುವ ಮುನ್ನ ವಿಚಾರಿಸಬೇಕು. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ವಿದ್ಯಾರ್ಥಿಗಳಿಗೆ ವಸತಿಯೊಂದಿಗೆ ಕಲಿಸುವ ವಿಷಯಗಳಲ್ಲಿ ಕಾರಿನ ಬಣ್ಣವೂ ಒಂದು. ಎರಡು ವರ್ಷಕ್ಕೊಮ್ಮೆ ನಡೆಯುವ ‘ವರ್ಲ್ಡ್‌ಸ್ಕಿಲ್ಸ್’ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಾರಿಗೆ ಬಣ್ಣ ಹೊಡೆಯುವುದೂ ಒಂದು ಸ್ಪರ್ಧೆ ಎಂದರೆ ನಮ್ಮ ಅನೇಕ ಪಾಲಕರು ನಂಬಲಿಕ್ಕಿಲ್ಲ. ಅಲ್ಲಿಯೂ ಗಡಿಯಾರ ಹಿಡಿದೇ ಕೆಲಸ.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯ ನಂತರ ಸಂಪೂರ್ಣ ನಿಷಿದ್ಧ. ಸ್ವಂತ ಕುಟುಂಬದ ಕೆಲಸಕ್ಕೆ ಶಾಲೆಯ ಹೊತ್ತಿನ ಹೊರಗೆ ನೆರವಾಗುವಂಥ ಕೆಲವು ವಿನಾಯಿತಿಗಳು ಮಾತ್ರ ಇವೆ. ಬೇಸಿಗೆ ರಜೆಯೆಂದು ಸರ್ವಿಸಿಂಗ್ ಅಂಗಡಿಗೆ ಏಳನೇ ತರಗತಿಯ ಹುಡುಗನನ್ನು ಕಳಿಸುವವರು ಇದನ್ನು ಗಮನಿಸಬೇಕು. ದೊಡ್ಡವರಾದರೂ ಯಂತ್ರ ಹಿಡಿದಾಗ ಕೊರಳಲ್ಲಿ ಟವೆಲ್ ಇರಬಾರದು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕು. ಗಟ್ಟಿಕಾರಕ ಬೆರೆಸಿ ಸ್ಪ್ರೇ ಮಾಡುವ ಕ್ಲಿಯರ್ ಕೋಟ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಉಸಿರಿಗೆ ಹೋದರೆ ಅದು ಜೀವನಪರ್ಯಂತದ ಅಸ್ತಮಾ ತರಬಲ್ಲದು. ಮೂಗಿಗೆ ಕರವಸ್ತ್ರ ಕಟ್ಟಿದರೆ ಅದನ್ನು ತಡೆಯಲಾಗದು. ಸ್ಪ್ರೇ ಕೆಲಸಕ್ಕೆ ಅದಕ್ಕೆಂದೇ ಮಾಡಿದ ಮುಖಕವಚವೂ ಗಾಳಿ ಎಳೆದು ಹೊರಹಾಕುವ ಕೋಣೆಯೂ ಬೇಕು.

ಪಾಲಿಶ್ ಕಲಿಯಲು ಆರಂಭಿಸುವ ಹುಡುಗರಿಗೆ ಗಿರಾಕಿಯ ಕಾರು ಪಾಠಶಾಲೆಯಾಗಬಾರದು. ಗುಜರಿ ಅಂಗಡಿಯಿಂದ ಹಳೆಯ ಕಪ್ಪು ಬಾನೆಟ್ ಒಂದನ್ನು ತಂದು ಎರಡು ಸ್ಟೂಲಿನ ಮೇಲಿಟ್ಟುಕೊಳ್ಳಬೇಕು. ಅರ್ಧ ಭಾಗಕ್ಕೆ ಟೇಪ್ ಹಚ್ಚಿ ಇನ್ನರ್ಧ ಪಾಲಿಶ್ ಮಾಡಿ ಟೇಪ್ ಕಿತ್ತರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಬೇಕೆಂದೇ ಅದರ ಏಣಿನ ಮೇಲೆ, ಬಣ್ಣ ಎಲ್ಲಕ್ಕಿಂತ ತೆಳುವಾಗಿರುವ ಆ ಅಂಚಿನ ಮೇಲೆ, ರೋಟರಿ ಯಂತ್ರವನ್ನು ಒತ್ತಿ ಹಿಡಿದು ಕ್ಲಿಯರ್ ಕೋಟ್ ಮುಗಿಯುವವರೆಗೂ ಓಡಿಸಿ, ಎಷ್ಟು ಸೆಕೆಂಡು ಹಿಡಿಯಿತು ಎಂದು ಎಣಿಸಿಕೊಳ್ಳಬೇಕು.